ಮೊದಲ ವಾರದಲ್ಲಿ ಗೆಳೆಯರಾಗದಿದ್ದರೆ ಕಾಲೇಜು ಮುಗಿಯುವವರೆಗೂ ಒಂಟಿಯೇ? ಫಾರ್ವರ್ಡ್ ಹೇಳುವುದೇನು, ಅಧ್ಯಯನಗಳು ಹೇಳುವುದೇನು

ಕಾಲೇಜುಗಳು ಶುರುವಾಗುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ. ಅದರ ಸಾರಾಂಶ ಹೀಗಿದೆ: ಮೊದಲ ಏಳು ದಿನಗಳಲ್ಲಿ ಸಿಕ್ಕವರೇ ಜೀವದ ಗೆಳೆಯರು. ಅಷ್ಟರಲ್ಲಿ ಯಾವ ಗ್ಯಾಂಗನ್ನೂ ಸೇರದವರು ಕೊನೆಯ ಸೆಮಿಸ್ಟರ್‌ವರೆಗೂ ಒಂಟಿ. ಇದು ಮನಶ್ಶಾಸ್ತ್ರಜ್ಞರು ಸಾಬೀತು ಮಾಡಿದ ಸತ್ಯ. ಕೊನೆಗೆ ಎಂದಿನಂತೆ, ನಿಮ್ಮ ಮಕ್ಕಳಿಗೂ ಕಳಿಸಿ ಎಂಬ ಮನವಿ.

ಈ ಸಲ ಇದನ್ನು ನಮಗೆ ಕಳಿಸಿದವರು ಒಬ್ಬ ತಾಯಿ. ಅವರ ಮಗ ಊರು ಬಿಟ್ಟು ಬೆಂಗಳೂರಿನ ಹಾಸ್ಟೆಲ್ ಸೇರಿ ಹನ್ನೆರಡು ದಿನವಾಗಿತ್ತು. ದಿನಾ ಸಂಜೆ ಫೋನ್ ಮಾಡಿ, "ಇಲ್ಲಿ ನಂಗೆ ಯಾರೂ ಇಲ್ಲಮ್ಮ, ವಾಪಸ್ ಬಂದ್ಬಿಡ್ತೀನಿ" ಅನ್ನುತ್ತಿದ್ದನಂತೆ. ಫಾರ್ವರ್ಡ್ ಓದಿದ ಮನೆಯವರು, ಏಳು ದಿನ ಆಗಲೇ ಕಳೆದಿದೆಯಲ್ಲ, ಕರೆದುಕೊಂಡು ಬಂದು ಊರ ಹತ್ತಿರದ ಕಾಲೇಜಿಗೇ ಸೇರಿಸೋಣ ಎಂದು ಮಾತಾಡುತ್ತಿದ್ದರು. "ಇದು ನಿಜವಾ, ಒಂದ್ಸಲ ನೋಡಿ ಹೇಳಿ" ಎಂದು ಅವರು ಕೇಳಿದ್ದರು.

ನಾವು ನೋಡಿದೆವು. ಒಂದೇ ಮಾತಿನಲ್ಲಿ ಹೇಳುವುದಾದರೆ: ಇಲ್ಲ, ಏಳು ದಿನದ ಗಡುವು ಎಂಬುದು ಯಾವುದೂ ಇಲ್ಲ. ಆದರೆ ಫಾರ್ವರ್ಡ್‌ನಲ್ಲಿ ಒಂದು ಕಾಳಿನಷ್ಟು ಸತ್ಯವಿದೆ. ಆ ಕಾಳು ಯಾವುದು, ಹೊಟ್ಟು ಯಾವುದು ಎಂದು ಕೇರಿ ನೋಡೋಣ.

ಗೆಳೆತನಕ್ಕೆ ಎಷ್ಟು ಗಂಟೆ ಬೇಕು?

ಇದು ತಮಾಷೆಯ ಪ್ರಶ್ನೆ ಅನ್ನಿಸಬಹುದು. ಆದರೆ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಸಂವಹನ ಪ್ರಾಧ್ಯಾಪಕ ಜೆಫ್ರಿ ಹಾಲ್ ಇದನ್ನೇ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಹೊಸ ಊರಿಗೆ ಬಂದ ವಯಸ್ಕರನ್ನೂ ಹೊಸದಾಗಿ ವಿಶ್ವವಿದ್ಯಾಲಯ ಸೇರಿದ ವಿದ್ಯಾರ್ಥಿಗಳನ್ನೂ ಅವರು ಕೇಳಿದ್ದು ಇಷ್ಟು: ಹೊಸದಾಗಿ ಪರಿಚಯವಾದವರ ಜೊತೆ ಎಷ್ಟು ಹೊತ್ತು ಕಳೆದಿರಿ, ಈಗ ಅವರು ನಿಮಗೆ ಪರಿಚಿತರೋ, ಗೆಳೆಯರೋ, ಆಪ್ತರೋ?

ಸಿಕ್ಕ ಅಂದಾಜು ಹೀಗಿದೆ. ಬರೀ ಪರಿಚಯ ಸಾಮಾನ್ಯ ಸ್ನೇಹವಾಗಲು ಸುಮಾರು 50 ಗಂಟೆ. ಅಲ್ಲಿಂದ 'ಇವನು ನನ್ನ ಫ್ರೆಂಡ್' ಎಂದು ಹೇಳಿಕೊಳ್ಳುವ ಹಂತಕ್ಕೆ ಬರಲು ಒಟ್ಟು 90 ಗಂಟೆಯ ಆಸುಪಾಸು. ಆಪ್ತ ಗೆಳೆತನಕ್ಕೆ 200 ಗಂಟೆಗೂ ಹೆಚ್ಚು. ಇನ್ನೊಂದು ಮುಖ್ಯ ಮಾತು: ಒಂದೇ ಕ್ಲಾಸಿನಲ್ಲೋ ಕೆಲಸದ ಜಾಗದಲ್ಲೋ ಜೊತೆಗಿದ್ದ ಮಾತ್ರಕ್ಕೆ ಆಪ್ತತೆ ಅಷ್ಟಾಗಿ ಬೆಳೆಯುವುದಿಲ್ಲ. ಒಟ್ಟಿಗೆ ಊಟ, ಆಟ, ಹರಟೆ, ಸುಮ್ಮನೆ ಕೂತಿರುವುದು, ಇಂಥ ಹೊತ್ತಿಗೇ ಬೆಲೆ ಹೆಚ್ಚು.

ಈಗ ಲೆಕ್ಕ ಹಾಕಿ ನೋಡಿ. ಕ್ಲಾಸು ಬಿಟ್ಟು ಒಬ್ಬರ ಜೊತೆ ದಿನಕ್ಕೆ ಒಂದೂವರೆ ಗಂಟೆ ಕಳೆಯುತ್ತೀರಿ ಎಂದುಕೊಳ್ಳೋಣ. ಏಳು ದಿನಕ್ಕೆ ಆಗುವುದು ಹತ್ತೂವರೆ ಗಂಟೆ. 50 ಗಂಟೆ ಮುಟ್ಟಲು ಒಂದು ತಿಂಗಳ ಮೇಲೆ ಬೇಕು. 90ಕ್ಕೆ ಎರಡು ತಿಂಗಳು. 200ಕ್ಕೆ ನಾಲ್ಕು ತಿಂಗಳು ದಾಟುತ್ತದೆ, ಅಂದರೆ ಹೆಚ್ಚು ಕಡಿಮೆ ಒಂದು ಸೆಮಿಸ್ಟರ್. ಮೊದಲ ವಾರದಲ್ಲೇ ಜೀವದ ಗೆಳೆಯ ಸಿಗಬೇಕು ಅನ್ನುವುದು ಬಿತ್ತಿದ ಏಳನೇ ದಿನಕ್ಕೆ ರಾಗಿ ತೆನೆ ಕೇಳಿದ ಹಾಗೆ.

ಒಂದು ಎಚ್ಚರಿಕೆ ಇದೆ. ಇವು ಅಮೆರಿಕದ ಜನರ ನೆನಪಿನ ಮೇಲೆ ನಿಂತ ಸರಾಸರಿಗಳು. ಕೆಲವರಿಗೆ ಬೇಗ ಕೂಡುತ್ತದೆ, ಕೆಲವರಿಗೆ ವರ್ಷವೇ ಬೇಕು. 50, 90, 200 ಎಂಬುದನ್ನು ನಿಯಮ ಎಂದು ಹಿಡಿದುಕೊಂಡು ಗಡಿಯಾರ ನೋಡಬೇಡಿ. ಗೆಳೆತನಕ್ಕೆ ದಿನಗಳಲ್ಲ, ತಿಂಗಳುಗಳು ಬೇಕು ಎಂಬುದಷ್ಟನ್ನು ತೆಗೆದುಕೊಂಡರೆ ಸಾಕು.

ಪಕ್ಕದ ಸೀಟು, ಪಕ್ಕದ ರೂಮು

ಹಾಗಾದರೆ ಫಾರ್ವರ್ಡ್‌ನಲ್ಲಿರುವ ಸತ್ಯದ ಕಾಳು ಯಾವುದು? ಮೊದಲ ದಿನಗಳಲ್ಲಿ ನಾವು ಎಲ್ಲಿ ಕೂರುತ್ತೇವೆ, ಎಲ್ಲಿ ಮಲಗುತ್ತೇವೆ ಎಂಬುದು ಮುಂದಿನ ಸ್ನೇಹಗಳ ಮೇಲೆ ನಿಜಕ್ಕೂ ಪರಿಣಾಮ ಬೀರುತ್ತದೆ.

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಎಂಐಟಿಯಲ್ಲಿ ಓದಲು ಬಂದ ವಿವಾಹಿತ ವಿದ್ಯಾರ್ಥಿಗಳಿಗಾಗಿ ವಸತಿ ಕಟ್ಟಡಗಳಿದ್ದವು. ಒಂದೊಂದು ಕಟ್ಟಡಕ್ಕೆ ಎರಡು ಮಹಡಿ, ಮಹಡಿಗೆ ಐದು ಮನೆ. ಯಾರಿಗೆ ಯಾವ ಮನೆ ಎಂಬುದು ಅವರ ಆಯ್ಕೆಯಾಗಿರಲಿಲ್ಲ. ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶ್ಯಾಕ್ಟರ್, ಕರ್ಟ್ ಬ್ಯಾಕ್ ಎಂಬ ಸಂಶೋಧಕರು ಅಲ್ಲಿನವರ ಗೆಳೆಯರು ಯಾರು ಎಂದು ಕೇಳಿ, 1950ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಕ್ಕದ ಮನೆಯವರು ಗೆಳೆಯರಾಗಿದ್ದ ಪ್ರಮಾಣ ಶೇ 41. ಒಂದು ಮನೆ ಬಿಟ್ಟು ಆಚೆಯವರು ಶೇ 22. ಅದೇ ಮಹಡಿಯ ಎರಡು ತುದಿಗಳಲ್ಲಿ ಇದ್ದವರು ಶೇ 10 ಮಾತ್ರ. ನಡುವಿನ ದೂರ ಕೆಲವೇ ಹೆಜ್ಜೆಗಳು! ಮೆಟ್ಟಿಲ ಬುಡದಲ್ಲಿ ಮನೆ ಇದ್ದವರಿಗೆ ಮೇಲಿನ ಮಹಡಿಯ ಸ್ನೇಹಿತರೂ ಹೆಚ್ಚಿದ್ದರು, ಏಕೆಂದರೆ ಹತ್ತಿ ಇಳಿಯುವವರೆಲ್ಲ ಅವರ ಬಾಗಿಲು ದಾಟಿಯೇ ಹೋಗಬೇಕಿತ್ತು. ನಮ್ಮ ಹಾಸ್ಟೆಲ್‌ಗಳಲ್ಲಿ ಕುಡಿಯುವ ನೀರಿನ ಫಿಲ್ಟರ್ ಪಕ್ಕದ ರೂಮಿನವರಿಗೆ ಇಡೀ ಹಾಸ್ಟೆಲ್ ಪರಿಚಯವಿರುವುದನ್ನು ನೀವೂ ನೋಡಿರಬಹುದು.

ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಡೆದ ಇನ್ನೊಂದು ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಮನಶ್ಶಾಸ್ತ್ರ ಓದಲು ಬಂದ 54 ಹೊಸ ವಿದ್ಯಾರ್ಥಿಗಳಿಗೆ ಮೊದಲ ಪರಿಚಯ ಸಭೆಯಲ್ಲಿ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಸೀಟು ಕೊಟ್ಟರು. ಒಂದು ವರ್ಷದ ನಂತರ ನೋಡಿದರೆ, ಆ ದಿನ ಅಕ್ಕಪಕ್ಕ ಕೂತಿದ್ದವರ ನಡುವೆ ಸ್ನೇಹ ಹೆಚ್ಚು ಗಾಢವಾಗಿತ್ತು. ಒಂದೇ ಸಾಲಿನಲ್ಲಿ ಕೂತಿದ್ದವರ ನಡುವೆಯೂ ಸ್ವಲ್ಪ ಹೆಚ್ಚಿತ್ತು.

ಇಲ್ಲಿ ಕೆಲಸ ಮಾಡುವುದು ಸರಳ ಸಂಗತಿ: ಮತ್ತೆ ಮತ್ತೆ ಕಂಡ ಮುಖ ಹಿತವಾಗುತ್ತಾ ಹೋಗುತ್ತದೆ. ಅಮೆರಿಕದ ಸಂಶೋಧಕರಾದ ರಿಚರ್ಡ್ ಮೋರ್‌ಲ್ಯಾಂಡ್ ಮತ್ತು ಸ್ಕಾಟ್ ಬೀಚ್ ನಾಲ್ವರು ಯುವತಿಯರನ್ನು ಒಂದು ದೊಡ್ಡ ಕ್ಲಾಸಿಗೆ ಬೇರೆ ಬೇರೆ ಸಂಖ್ಯೆಯಲ್ಲಿ ಕಳಿಸಿದರು. ಒಬ್ಬರು ಒಂದು ದಿನವೂ ಹೋಗಲಿಲ್ಲ, ಒಬ್ಬರು 5 ಸಲ, ಒಬ್ಬರು 10 ಸಲ, ಇನ್ನೊಬ್ಬರು 15 ಸಲ ಹೋದರು. ಯಾರೊಂದಿಗೂ ಮಾತಾಡಬಾರದು, ಸುಮ್ಮನೆ ಕೂತು ಎದ್ದು ಬರಬೇಕು, ಇಷ್ಟೇ ಷರತ್ತು. ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ನಾಲ್ವರ ಚಿತ್ರ ತೋರಿಸಿ ಕೇಳಿದಾಗ, ಹೆಚ್ಚು ಸಲ ಬಂದವರೇ ಹೆಚ್ಚು ಇಷ್ಟವಾಗಿದ್ದರು. 1992ರಲ್ಲಿ ಪ್ರಕಟವಾದ ಅಧ್ಯಯನ ಇದು.

ಇದರ ಅರ್ಥ ಮೊದಲ ದಿನ ತಪ್ಪಿದರೆ ಕಥೆ ಮುಗಿಯಿತು ಎಂದಲ್ಲ. ಮೊದಲ ದಿನದ ಸೀಟು ಕೆಲಸ ಮಾಡುವುದು ಅಲ್ಲಿಂದ ಮುಂದೆ ನೋಟ, ಮಾತು, ಊಟ ಪದೇ ಪದೇ ನಡೆಯುವುದರಿಂದ. ಆ 'ಪದೇ ಪದೇ' ಎಂಬುದನ್ನು ಮೂರನೇ ವಾರದಲ್ಲೂ ಶುರು ಮಾಡಬಹುದು, ಎರಡನೇ ಸೆಮಿಸ್ಟರ್‌ನಲ್ಲೂ ಮಾಡಬಹುದು. ಹಾಗೆಯೇ, ಹತ್ತಿರವಿದ್ದ ಮಾತ್ರಕ್ಕೆ ಸ್ನೇಹವೇ ಆಗಬೇಕೆಂದೂ ಇಲ್ಲ. ತಮಗೆ ಆಗದವರು ಯಾರು ಎಂದು ಕೇಳಿದಾಗಲೂ ಜನ ಅಕ್ಕಪಕ್ಕದವರನ್ನೇ ಹೆಸರಿಸಿದ್ದನ್ನು 1976ರ ಒಂದು ಅಮೆರಿಕನ್ ಅಧ್ಯಯನ ತೋರಿಸಿದೆ. ರೂಮ್‌ಮೇಟ್ ಜೊತೆ ಹೊಂದಿಕೆಯಾಗದಿದ್ದರೆ ಅದು ನಿಮ್ಮ ದೋಷವಲ್ಲ.

"ಎಲ್ಲರಿಗೂ ಆಗಲೇ ಗ್ಯಾಂಗ್ ಇದೆ, ನನಗೊಬ್ಬನಿಗೇ ಇಲ್ಲ"

ಆ ತಾಯಿಯ ಮಗ ಹೇಳಿದ್ದರಲ್ಲಿ ಈ ಮಾತೂ ಇತ್ತು. ಈ ಮಾತು ಹೇಳುವವರು ಬಹಳ ಮಂದಿ, ಮತ್ತು ಅವರೆಲ್ಲರೂ ಸರಿಯಾಗಿರಲು ಲೆಕ್ಕದ ಪ್ರಕಾರ ಸಾಧ್ಯವೇ ಇಲ್ಲ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆಶ್ಲಿ ವಿಲನ್ಸ್ ಮತ್ತು ಸಂಗಡಿಗರು 1,099 ಮೊದಲ ವರ್ಷದ ವಿದ್ಯಾರ್ಥಿಗಳನ್ನು ಕೇಳಿದರು: ನಿಮಗೆ ಎಷ್ಟು ಹೊಸ ಆಪ್ತ ಸ್ನೇಹಿತರಾಗಿದ್ದಾರೆ, ಉಳಿದವರಿಗೆ ಎಷ್ಟು ಆಗಿರಬಹುದು? ಉಳಿದವರಿಗೆ ತನಗಿಂತ ಹೆಚ್ಚು ಸ್ನೇಹಿತರಿದ್ದಾರೆ ಎಂದುಕೊಂಡವರು ಶೇ 48. ತನಗೇ ಹೆಚ್ಚು ಎಂದುಕೊಂಡವರು ಶೇ 31. ಹಾಗೆ ಉಳಿದವರಿಗೇ ಹೆಚ್ಚು ಎಂದು ನಂಬಿದವರಲ್ಲಿ ನೆಮ್ಮದಿಯೂ, 'ಇದು ನನ್ನ ಜಾಗ' ಎಂಬ ಭಾವನೆಯೂ ಕಡಿಮೆ ಇತ್ತು. ಈ ಅಧ್ಯಯನ ಪ್ರಕಟವಾದದ್ದು 2017ರಲ್ಲಿ.

ಯಾಕೆ ಹೀಗೆ? ಬೇರೆಯವರು ನಮ್ಮ ಕಣ್ಣಿಗೆ ಬೀಳುವುದು ಕ್ಯಾಂಟೀನಿನಲ್ಲಿ, ಕಾರಿಡಾರಿನಲ್ಲಿ, ನಾಲ್ಕು ಜನರ ಜೊತೆ ನಿಂತಾಗ. ಅದೇ ಹುಡುಗ ರಾತ್ರಿ ರೂಮಿನಲ್ಲಿ ಗೋಡೆ ಕಡೆ ತಿರುಗಿ ಮಲಗಿ ಮನೆಯ ಫೋಟೊ ನೋಡುತ್ತಿರುವುದು ನಮಗೆ ಕಾಣುವುದಿಲ್ಲ. ನಮ್ಮ ಒಂಟಿತನವನ್ನು ಮಾತ್ರ ನಾವು ಇಪ್ಪತ್ನಾಲ್ಕು ಗಂಟೆಯೂ ನೋಡುತ್ತೇವೆ. ಇನ್‌ಸ್ಟಾಗ್ರಾಂ ಇದಕ್ಕೆ ಇನ್ನಷ್ಟು ಬಣ್ಣ ಕೊಡುತ್ತದೆ. ಮೂರು ದಿನದ ಪರಿಚಯದವರ ಜೊತೆ ಸೆಲ್ಫಿ ಹಾಕಿ 'ಫ್ಯಾಮಿಲಿ' ಎಂದು ಬರೆಯುವವರು, ಆ ಮೂವರ ಪೂರ್ತಿ ಹೆಸರು ಗೊತ್ತಿಲ್ಲ ಎಂದು ಬರೆಯುವುದಿಲ್ಲ.

ನಮ್ಮ ತಂಡದಲ್ಲೂ ಒಬ್ಬರು ಎಂ.ಎ. ಸೇರಿದ ಮೊದಲ ಮೂರು ವಾರ ಮೆಸ್ ಖಾಲಿಯಾಗುವವರೆಗೆ ಕಾದು ಊಟಕ್ಕೆ ಹೋಗುತ್ತಿದ್ದರು, ಒಬ್ಬರೇ ಕೂತದ್ದು ಯಾರಿಗೂ ಕಾಣದಿರಲಿ ಎಂದು. ಅದೇ ಹೊತ್ತಿಗೆ ಬರುತ್ತಿದ್ದ ಇನ್ನೊಬ್ಬರೂ ಇದೇ ಕಾರಣಕ್ಕೆ ತಡವಾಗಿ ಬರುತ್ತಿದ್ದರು ಎಂಬುದು ಗೊತ್ತಾದದ್ದು ದಸರಾ ರಜೆ ಕಳೆದ ಮೇಲೆ. ಇಬ್ಬರೂ ಎರಡು ಟೇಬಲ್ ಆಚೀಚೆ ಕೂತು ತಿಂಗಳುಗಟ್ಟಲೆ ಒಂದೇ ಸಾರು ಉಂಡಿದ್ದರು.

"ನಾನು ಮಾತಾಡಿದ್ದು ಅವರಿಗೆ ಇಷ್ಟವಾಗಲಿಲ್ಲ"

ಇನ್ನೊಂದು ಸಾಮಾನ್ಯ ಅಳುಕು ಇದು. ಮಾತಾಡಿಸಿ ಬಂದ ಮೇಲೆ, ಛೆ, ಏನೇನೋ ಮಾತಾಡಿಬಿಟ್ಟೆ, ನನ್ನನ್ನು ಪೆದ್ದ ಅಂದುಕೊಂಡಿರಬೇಕು ಎಂಬ ಕೊರಗು.

ಎರಿಕಾ ಬೂತ್‌ಬಿ, ಗಸ್ ಕೂನಿ, ಗಿಲಿಯನ್ ಸ್ಯಾಂಡ್‌ಸ್ಟ್ರಾಮ್, ಮಾರ್ಗರೆಟ್ ಕ್ಲಾರ್ಕ್ ಎಂಬ ಸಂಶೋಧಕರು ಇದನ್ನೂ ಅಳೆದು ನೋಡಿದ್ದಾರೆ. ಅಪರಿಚಿತರಿಬ್ಬರನ್ನು ಮಾತಿಗೆ ಬಿಟ್ಟು, ಆಮೇಲೆ ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ: ಅವರು ನಿಮಗೆ ಎಷ್ಟು ಇಷ್ಟವಾದರು? ನೀವು ಅವರಿಗೆ ಎಷ್ಟು ಇಷ್ಟವಾಗಿರಬಹುದು? ತಾವು ಎದುರಿನವರಿಗೆ ನಿಜಕ್ಕೂ ಇಷ್ಟವಾದದ್ದಕ್ಕಿಂತ ಕಡಿಮೆ ಇಷ್ಟವಾಗಿದ್ದೇವೆ ಎಂದೇ ಜನ ಅಂದಾಜು ಮಾಡಿದರು. ಒಟ್ಟಿಗೆ ವಾಸಿಸುತ್ತಿದ್ದ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಈ ತಪ್ಪು ಅಂದಾಜು ತಿಂಗಳುಗಳ ಕಾಲ ಮುಂದುವರಿದಿತ್ತು. 2018ರಲ್ಲಿ ಪ್ರಕಟವಾದ ಈ ಅಧ್ಯಯನದ ಸಾರ ಇಷ್ಟೇ: ಮಾತು ಮುಗಿದ ಮೇಲೆ ನಾವು ನಮ್ಮ ತಪ್ಪುಗಳನ್ನು ಎಣಿಸುತ್ತಾ ಕೂರುತ್ತೇವೆ. ಎದುರಿನವರು ಅದನ್ನು ಎಣಿಸುತ್ತಿರುವುದಿಲ್ಲ, ಅವರೂ ತಮ್ಮ ತಪ್ಪುಗಳನ್ನೇ ಎಣಿಸುತ್ತಿರುತ್ತಾರೆ.

ಇಂಗ್ಲಿಷ್ ಬಾರದವರು, ಬೇರೆ ಊರಿನವರು

ಕನ್ನಡ ಮಾಧ್ಯಮದಲ್ಲಿ ಓದಿ ನಗರದ ಕಾಲೇಜಿಗೆ ಬಂದವರಿಗೆ ಇನ್ನೊಂದು ಹೆಚ್ಚಿನ ಹೊರೆ ಇರುತ್ತದೆ. ಇಂಗ್ಲಿಷಿನಲ್ಲಿ ಉತ್ತರ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಹಾಗಾಗಿ ಮೊದಲು ನಮ್ಮ ಜಿಲ್ಲೆಯವರನ್ನು, ನಮ್ಮ ಭಾಷೆಯವರನ್ನು ಹುಡುಕಿಕೊಳ್ಳುತ್ತೇವೆ. ಇದು ಸಹಜ, ತಪ್ಪೇನಿಲ್ಲ. ತನ್ನಂಥವರ ಜೊತೆ ಸೇರುವುದು ಎಲ್ಲ ದೇಶಗಳ ಜನರ ಗುಣ. ಹೊಸ ಜಾಗದಲ್ಲಿ ಅದು ಮೊದಲ ಆಸರೆಯೂ ಹೌದು.

ಆದರೆ ಅಲ್ಲೇ ನಿಲ್ಲಬೇಕಾಗಿಲ್ಲ. ಇದಕ್ಕೆ ನಮ್ಮ ದೇಶದ್ದೇ ಒಂದು ಒಳ್ಳೆಯ ಉದಾಹರಣೆಯಿದೆ. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಲೀಗ್ ನಡೆಸಿ, ಬೇರೆ ಬೇರೆ ಜಾತಿಯ ಯುವಕರನ್ನು ಯಾದೃಚ್ಛಿಕವಾಗಿ ತಂಡಗಳಿಗೆ ಹಾಕಿದರು. ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ದಾಟಿದ ಸ್ನೇಹಗಳು ಹೆಚ್ಚಾದವು. ಎದುರು ತಂಡದಲ್ಲಿ ಆಡಿದವರ ವಿಷಯದಲ್ಲಿ ಈ ಲಾಭ ಸಿಗಲಿಲ್ಲ. 2021ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳುವುದನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು: ಬೇರೆಯವರ ಹತ್ತಿರ ಇದ್ದರಷ್ಟೇ ಸಾಲದು, ಅವರ ಜೊತೆ ಸೇರಿ ಏನನ್ನಾದರೂ ಮಾಡಬೇಕು. ತಂಡದ ಆಟ, ಲ್ಯಾಬ್, ನಾಟಕ, ಎನ್‌ಎಸ್‌ಎಸ್ ಶಿಬಿರ, ಕಾಲೇಜು ಹಬ್ಬದ ಸ್ಟೇಜ್ ಕೆಲಸ, ಇಲ್ಲೆಲ್ಲ ಭಾಷೆಗಿಂತ ಕೈ ಮುಂದೆ ಹೋಗುತ್ತದೆ. ಕುರ್ಚಿ ಎತ್ತಿಡಲು ಇಂಗ್ಲಿಷ್ ಬೇಕಾಗಿಲ್ಲ.

ರ‍್ಯಾಗಿಂಗ್‌ನಿಂದ ಸ್ನೇಹ ಗಟ್ಟಿಯಾಗುತ್ತದೆಯೇ?

ಈ ಮಾತು ಕೂಡ ಫಾರ್ವರ್ಡ್‌ಗಳಲ್ಲಿ ಸುತ್ತುತ್ತದೆ, 'ನಮ್ಮ ಕಾಲದಲ್ಲಿ' ಎಂಬ ಮುನ್ನುಡಿಯೊಂದಿಗೆ. ಹೀಗನ್ನಿಸುವುದಕ್ಕೆ ಒಂದು ವಿವರಣೆಯಿದೆ. 1959ರಲ್ಲಿ ಎಲಿಯಟ್ ಆರನ್‌ಸನ್ ಮತ್ತು ಜಡ್ಸನ್ ಮಿಲ್ಸ್ ನಡೆಸಿದ ಪ್ರಯೋಗದಲ್ಲಿ, ಒಂದು ಚರ್ಚಾಗುಂಪಿಗೆ ಸೇರುವ ಮುನ್ನ ಕೆಲವು ವಿದ್ಯಾರ್ಥಿನಿಯರು ಮುಜುಗರದ ಪರೀಕ್ಷೆ ದಾಟಬೇಕಿತ್ತು. ಆಮೇಲೆ ಕೇಳಿಸಿದ ಚರ್ಚೆ ಬೇಕೆಂದೇ ನೀರಸವಾಗಿತ್ತು. ಹೆಚ್ಚು ಮುಜುಗರ ಅನುಭವಿಸಿದವರೇ ಅದು ಚೆನ್ನಾಗಿದೆ ಎಂದರು. ಇಷ್ಟು ಕಷ್ಟಪಟ್ಟು ಪಡೆದದ್ದು ಕೆಟ್ಟದ್ದಾಗಿರಲಾರದು ಎಂದು ಮನಸ್ಸು ತನ್ನನ್ನು ತಾನೇ ಒಪ್ಪಿಸಿಕೊಳ್ಳುತ್ತದೆ. ಅಂದರೆ ಹಿಂಸೆ ಸ್ನೇಹವನ್ನು ಹುಟ್ಟಿಸುವುದಿಲ್ಲ, ಹಿಂಸೆಗೊಂದು ಸಮರ್ಥನೆಯನ್ನು ಹುಟ್ಟಿಸುತ್ತದೆ.

ಯುಜಿಸಿಯ 2009ರ ನಿಯಮಾವಳಿ ಪ್ರಕಾರ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ರ‍್ಯಾಗಿಂಗ್ ನಿಷಿದ್ಧ. 'ಇಂಟರಾಕ್ಷನ್' ಎಂದು ಹೆಸರು ಬದಲಿಸಿದರೂ ಅದು ರ‍್ಯಾಗಿಂಗೇ. ಹಗಲು ರಾತ್ರಿ ಕೆಲಸ ಮಾಡುವ ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೆ ಕರೆ ಮಾಡಬಹುದು. ಮಗ ಅಥವಾ ಮಗಳು 'ವಾಪಸ್ ಬರ್ತೀನಿ' ಅನ್ನುತ್ತಿದ್ದರೆ, ಅದು ಒಂಟಿತನವೋ ಯಾರಾದರೂ ಕಾಡುತ್ತಿದ್ದಾರೋ ಎಂದು ಮೊದಲು ಮೆಲ್ಲಗೆ ಕೇಳಿ ತಿಳಿಯಿರಿ. ಎರಡಕ್ಕೂ ಪರಿಹಾರ ಬೇರೆ.

ಹಾಗಾದರೆ ಮಾಡುವುದೇನು?

• ಜಾಗ ಮತ್ತು ಹೊತ್ತು ಬದಲಿಸಬೇಡಿ. ಕ್ಲಾಸಿನಲ್ಲಿ ಒಂದೇ ಕಡೆ ಕೂರಿ, ಮೆಸ್‌ಗೆ ಒಂದೇ ಹೊತ್ತಿಗೆ ಹೋಗಿ. ಮುಖ ಪರಿಚಯ ತಾನಾಗಿ ಬೆಳೆಯಲಿ.

• ಚಿಕ್ಕದನ್ನು ಕೇಳಿ. ನಿನ್ನೆಯ ನೋಟ್ಸ್, ಜೆರಾಕ್ಸ್ ಅಂಗಡಿ ಎಲ್ಲಿ, ಮೆಜೆಸ್ಟಿಕ್‌ಗೆ ಯಾವ ಬಸ್ಸು. 'ನನ್ನ ಫ್ರೆಂಡ್ ಆಗ್ತೀಯಾ' ಅನ್ನುವುದಕ್ಕಿಂತ 'ಟೀ ಕುಡಿಯೋಕೆ ಬರ್ತೀಯಾ' ಅನ್ನುವುದು ಸುಲಭ.

• ವಾರ ವಾರ ಸೇರುವ ಯಾವುದಾದರೂ ಒಂದಕ್ಕೆ ಹೆಸರು ಕೊಡಿ. ಒಂದು ದಿನದ ಫ್ರೆಶರ್ಸ್ ಪಾರ್ಟಿಗಿಂತ ಹತ್ತು ವಾರದ ವಾಲಿಬಾಲ್ ಹೆಚ್ಚು ಗಂಟೆ ಕೊಡುತ್ತದೆ.

• ಮನೆಯಿಂದ ಓಡಾಡುವವರಿಗೆ ಗಂಟೆಗಳು ಕಡಿಮೆ ಸಿಗುತ್ತವೆ. ಒಂದೇ ಬಸ್ಸಿಗೆ ಬರುವ ಸಹಪಾಠಿಯನ್ನು ಹುಡುಕಿಕೊಳ್ಳಿ. ದಿನಕ್ಕೆ ಎರಡು ಸಲ ಸಿಗುವ ಆ ಸೀಟೇ ನಿಮ್ಮ ಹಾಸ್ಟೆಲ್.

• ಬಹಳ ಗೆಳೆಯರು ಬೇಕಿಲ್ಲ. ಸಹಪಾಠಿಗಳ ಜೊತೆ ಎಂದಿಗಿಂತ ಹೆಚ್ಚು ಮಾತಾಡಿದ ದಿನಗಳಲ್ಲಿ, ಅದು ಬರೀ ಮೇಲ್ಮೇಲಿನ ಮಾತಾಗಿದ್ದರೂ, ವಿದ್ಯಾರ್ಥಿಗಳು ಹೆಚ್ಚು ಖುಷಿಯಾಗಿದ್ದರೆಂದು ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಅವರ 2014ರ ಅಧ್ಯಯನ ಕಂಡುಕೊಂಡಿದೆ. ಸೆಕ್ಯುರಿಟಿ ಅಣ್ಣನಿಗೆ ನಮಸ್ಕಾರ ಹೇಳುವುದರಿಂದಲೂ ಶುರು ಮಾಡಬಹುದು.

ಮನೆಯವರಿಗೆ ಒಂದು ಮಾತು. 'ಫ್ರೆಂಡ್ಸ್ ಆದ್ರಾ?' ಎಂದು ದಿನಾ ಕೇಳಿದರೆ ಅದು ಪರೀಕ್ಷೆಯ ಫಲಿತಾಂಶ ಕೇಳಿದಂತಾಗುತ್ತದೆ. 'ಇವತ್ತು ಊಟಕ್ಕೇನಿತ್ತು, ಯಾರ ಜೊತೆ ಕೂತಿದ್ದೆ' ಎಂದು ಕೇಳಿ. ಪ್ರತಿ ಶನಿವಾರ ಊರಿಗೆ ಕರೆಸಿಕೊಂಡರೆ ಗಂಟೆಗಳು ಹೆಚ್ಚಾಗಿ ಸಿಗುವ ವಾರಾಂತ್ಯವೇ ಕೈತಪ್ಪುತ್ತದೆ ಎಂಬುದೂ ನೆನಪಿರಲಿ.

ಯಾವಾಗ ಸಹಾಯ ಬೇಕು?

ಊರಿನ ನೆನಪು, ಅಳು, ಬೇಸರ ಮೊದಲ ವಾರಗಳಲ್ಲಿ ಸಾಮಾನ್ಯ. ಆದರೆ ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ, ರೂಮು ಬಿಟ್ಟು ಹೊರಬರಲಾಗದಿದ್ದರೆ ಕಾಯಬೇಡಿ, ವೈದ್ಯರನ್ನೋ ಕಾಲೇಜಿನ ಆಪ್ತಸಮಾಲೋಚಕರನ್ನೋ ಕಾಣಿ. ಬದುಕೇ ಬೇಡ ಎಂಬ ಮಾತು ಬಂದರೆ ಒಂದು ದಿನವನ್ನೂ ಕಾಯಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ ಯಾವ ಹೊತ್ತಿನಲ್ಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ತೀರ್ಮಾನ

'ಮೊದಲ ಏಳು ದಿನದಲ್ಲಿ ಗೆಳೆಯರಾಗದವರು ಕೊನೆಯವರೆಗೂ ಒಂಟಿ' ಎಂಬ ಹೇಳಿಕೆ ದಾರಿ ತಪ್ಪಿಸುವಂಥದ್ದು. ಮೊದಲ ದಿನಗಳ ಸೀಟು, ರೂಮು ಪರಿಣಾಮ ಬೀರುತ್ತವೆ ಎಂಬುದು ನಿಜ. ಅದರಾಚೆ ಬಾಗಿಲು ಮುಚ್ಚುತ್ತದೆ ಎಂಬುದು ಸುಳ್ಳು.

ಆ ತಾಯಿಗೆ ನಾವು ಬರೆದದ್ದು ಇಷ್ಟು: ನಿಮ್ಮ ಮಗನನ್ನು ಯಾರೂ ಕಾಡುತ್ತಿಲ್ಲ, ಅವನು ಉಂಡು ಮಲಗುತ್ತಿದ್ದಾನೆ ಎಂದಾದರೆ, ಹನ್ನೆರಡು ದಿನಕ್ಕೆ ತೀರ್ಮಾನ ಮಾಡಬೇಡಿ. ದಿನಕ್ಕೆ ಒಂದೂವರೆ ಗಂಟೆಯ ಲೆಕ್ಕದಲ್ಲಿ ಇನ್ನೂ ಹದಿನೆಂಟು ಗಂಟೆಯೂ ಆಗಿರಲಿಕ್ಕಿಲ್ಲ. ದೀಪಾವಳಿಗೆ ಊರಿಗೆ ಬಂದಾಗ ಕೂತು ಮಾತಾಡಿ. ಆಗಲೂ ಬೇಡ ಅಂದರೆ ಕೇಳಿಸಿಕೊಳ್ಳಿ, ಕಾಲೇಜು ಬದಲಿಸುವುದು ಸೋಲೇನಲ್ಲ. ಆದರೆ ಆ ನಿರ್ಧಾರ ಒಂದು ಫಾರ್ವರ್ಡ್ ನೋಡಿ ಆಗದಿರಲಿ.

ನಿಮ್ಮ ಗುಂಪಿಗೂ ಆ ಸಂದೇಶ ಬಂದಿದ್ದರೆ, ಅದರ ಕೆಳಗೆ ಇದನ್ನು ಹಾಕಿ. ಆ ಗುಂಪಿನಲ್ಲಿ ಹಾಸ್ಟೆಲ್ ಮಂಚದ ಮೇಲೆ ಒಬ್ಬರೇ ಕೂತು ಓದುತ್ತಿರುವವರು ಒಬ್ಬರಾದರೂ ಇರುತ್ತಾರೆ.